ಕೋಲಾರದ ಚಿನ್ನವೂ ಜಾನ್ ವಾರನ್ನರೂ

ಕೋಲಾರದ ಚಿನ್ನವನ್ನು ಕಂಡುಹಿಡಿದವರು ಯಾರೆಂದು ಕೇಳಿದರೆ ನಮ್ಮಲ್ಲಿ ಓದುಬರಹ ಬಲ್ಲವರು ಸಾಮಾನ್ಯವಾಗಿ ಒಬ್ಬ ಐರೋಪ್ಯನ ಹೆಸರನ್ನೇ ಹೇಳುವರು. ಕೆಲವರು ಲವೆಲ್ ಎಂಬ ಸೈನಿಕನನ್ನು ಸ್ಮರಿಸುವರು. ಇನ್ನು ಕೆಲವರು ಅವನಿಗಿಂತ ಎಪ್ಪತ್ತು ವರ್ಷಗಳ ಮೊದಲೇ ಆ ಪ್ರದೇಶಕ್ಕೆ ಬಂದಿದ್ದ ಜಾನ್ ವಾರನ್ನರನ್ನು ಸ್ಮರಿಸುವರು. ಇವರಿಬ್ಬರ ಪರಿಶ್ರಮವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಅವರು ಬರುವುದಕ್ಕೆ ನೂರಾರು ವರ್ಷಗಳ ಪೂರ್ವದಲ್ಲಿಯೇ ಆ ನೆಲದ ಚಿನ್ನವನ್ನು ನಮ್ಮ ಜನರು ಬಲ್ಲವರಾಗಿದ್ದರು, ಅಗೆದು ತೆಗೆಯುತ್ತಿದ್ದರು, ಕುಟ್ಟಿ ತೊಳೆದು ಶೋಧಿಸುತ್ತಿದ್ದರು. ವಾರನ್ನರ ನಿಜವಾದ ಹಿರಿಮೆ ಚಿನ್ನವನ್ನು ಕಂಡುದರಲ್ಲಿಲ್ಲ. ಚಿನ್ನವನ್ನು ಬಲ್ಲ ಜನರನ್ನು ಕಂಡು, ಅವರ ಕೆಲಸವನ್ನು ಕಣ್ಣಾರೆ ನೋಡಿ, ಅಳತೆಮಾಡಿ, ಬರೆದಿಟ್ಟುದರಲ್ಲಿದೆ. ಈ ಭೇದವನ್ನು ತಿಳಿಯದೆ ಅವರ ಚರಿತ್ರೆಯನ್ನು ಓದಿದರೆ ಅವರಿಗೂ ನ್ಯಾಯವಾಗದು, ನಮ್ಮ ಪೂರ್ವಿಕರಿಗೂ ನ್ಯಾಯವಾಗದು. ಆದುದರಿಂದ ಅವರ ಜೀವಿತವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ನಾವು ಉದ್ಯುಕ್ತರಾಗಿದ್ದೇವೆ.

ಹೆಸರು ಆಂಗ್ಲರದಂತೆ ಕಂಡರೂ ವಾರನ್ನರು ಫ್ರೆಂಚ್ ಶ್ರೀಮಂತ ಮನೆತನದವರು. ಅವರ ಪೂರ್ಣನಾಮ ಜಾನ್ ಬ್ಯಾಪ್ಟಿಸ್ಟ್ ಫ್ರಾನ್ಸ್ವಾ ಜೋಸೆಫ್ ದ ವಾರನ್. ಮನೆತನದ ಮೂಲವು ಐರ್ಲೆಂಡ್, ನೆಲೆಯು ಫ್ರಾನ್ಸ್, ಅವರು ಹುಟ್ಟಿದುದು ೧೭೬೯ ನೆಯ ಇಸವಿ ಸೆಪ್ಟೆಂಬರ್ ೨೧ ರಂದು ಇಟಲಿಯ ಲಿವೊರ್ನೊ ಎಂಬ ರೇವುಪಟ್ಟಣದಲ್ಲಿ. ಹೀಗೆ ಜನ್ಮದಿಂದಲೇ ಮೂರು ದೇಶಗಳ ನಂಟನ್ನು ಹೊತ್ತುಬಂದ ಈ ಪುರುಷನಿಗೆ ಬಾಳಿನ ಬಹುಭಾಗವನ್ನು ಕಳೆಯುವ ಯೋಗವು ನಾಲ್ಕನೆಯ ದೇಶವಾದ ನಮ್ಮದರಲ್ಲಿ ಇದ್ದಿತು. ಫ್ರಾನ್ಸಿನಲ್ಲಿ ಮಹಾಕ್ರಾಂತಿಯು ತಲೆದೋರಿ ಅರಸೊತ್ತಿಗೆಯೂ ಶ್ರೀಮಂತ ಮನೆತನಗಳೂ ನೆಲಸಮವಾಗುತ್ತಿದ್ದ ಕಾಲದಲ್ಲಿ ಅವರು ಹಿಂದೂದೇಶಕ್ಕೆ ಬಂದರು. ೧೭೯೩ ರಲ್ಲಿ ಪುದುಚೇರಿಯು ಆಂಗ್ಲರ ಕೈವಶವಾಯಿತು. ಸ್ವದೇಶದಲ್ಲಿ ತಮ್ಮ ವರ್ಗದವರಿಗೆ ಎಡೆಯಿಲ್ಲದಂತಾಗಿದ್ದ ಆ ಸಂಕಟಕಾಲದಲ್ಲಿ ವಾರನ್ನರು ಆಂಗ್ಲರ ಸೇನೆಯನ್ನು ಸೇರಿದರು.

ಅವರು ಸೇರಿದುದು ೩೩ ನೆಯ ಪದಾತಿ ದಳ. ಇದೇ ದಳಕ್ಕೆ ಆರ್ಥರ್ ವೆಲ್ಲೆಸ್ಲಿಯು ನಾಯಕನಾಗಿದ್ದನು. ದಕ್ಷಿಣ ದೇಶವನ್ನು ತ್ರಿಕೋಣಗಳ ಮೂಲಕ ಅಳೆದು ಕೀರ್ತಿವಂತನಾದ ವಿಲಿಯಂ ಲ್ಯಾಂಬ್ಟನ್ನನೂ ಇದೇ ದಳಕ್ಕೆ ಸೇರಿದವನು. ೧೭೯೯ ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದ ಯುದ್ಧದಲ್ಲಿ ವಾರನ್ನರು ಪಾಲ್ಗೊಂಡಿದ್ದರು. ಯುದ್ಧವು ಮುಗಿದ ಮೇಲೆ ಮೈಸೂರಿನ ಸಿಂಹಾಸನದಲ್ಲಿ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರು ಪ್ರತಿಷ್ಠಿತರಾದರು; ಪೂರ್ಣಯ್ಯನವರು ದಿವಾನರಾದರು. ಯಾವ ಹಳ್ಳಿ ಸಂಸ್ಥಾನದ್ದು, ಯಾವ ಹಳ್ಳಿ ಕಂಪೆನಿಯದ್ದು ಎಂಬ ಪ್ರಶ್ನೆಯು ಆಗ ಎದುರಾಯಿತು. ನೆಲವನ್ನು ಅಳೆದು ಎಲ್ಲೆಯನ್ನು ಗುರುತಿಸಬಲ್ಲ ಗಣಿತಜ್ಞರು ಸೇನೆಯಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರವೇ ಇದ್ದರು. ಲ್ಯಾಂಬ್ಟನ್ನನ ಸಹಾಯಕರಾಗಿ ಅಳತೆಯ ಕೆಲಸದಲ್ಲಿ ನುರಿತಿದ್ದ ವಾರನ್ನರಿಗೆ ಮೈಸೂರಿನ ಪೂರ್ವದ ಎಲ್ಲೆಯನ್ನು ಗೊತ್ತುಪಡಿಸುವ ಕಾರ್ಯವು ಬಂದಿತು. ೧೮೦೨ ರಲ್ಲಿ ಅವರು ಕೋಲಾರದ ಸೀಮೆಗೆ ಬಂದುದು ಈ ಕಾರ್ಯಕ್ಕಾಗಿಯೇ ಹೊರತು ಚಿನ್ನಕ್ಕಾಗಿ ಅಲ್ಲ.

ಎಲ್ಲೆಯನ್ನು ಅಳೆಯುತ್ತ ಯರ್ರಕೊಂಡದ ಗುಡ್ಡಗಳ ಬಳಿಗೆ ಬಂದಾಗ, ಆ ಸುತ್ತಿನ ನೆಲದಲ್ಲಿ ಚಿನ್ನವಿದೆಯೆಂಬ ಮಾತು ಅವರ ಕಿವಿಗೆ ಬಿದ್ದಿತು. ಇಂತಹ ಮಾತನ್ನು ಕೇಳಿ ನಕ್ಕು ಮುಂದೆ ನಡೆಯುವ ಅಧಿಕಾರಿಗಳೇ ಹೆಚ್ಚು. ವಾರನ್ನರು ಹಾಗೆ ಮಾಡಲಿಲ್ಲ. ಚಿನ್ನವನ್ನು ತೋರಿಸಿದವರಿಗೆ ಬಹುಮಾನವನ್ನು ಕೊಡುವುದಾಗಿ ಸಾರಿದರು. ಹಳ್ಳಿಯವರು ಎತ್ತಿನ ಗಾಡಿಗಳಲ್ಲಿ ಮಣ್ಣನ್ನು ತುಂಬಿಕೊಂಡು ಬಂದು ಅವರ ಎದುರಿಗೇ ತೊಳೆದು ತೋರಿಸಿದರು. ಮಣ್ಣು ಕರಗಿ ಹರಿದುಹೋಗಿ, ಮರಳು ಉಳಿದು, ಆ ಮರಳೂ ಸರಿದು, ಕಟ್ಟಕಡೆಗೆ ಚಿನ್ನದ ಕಣಗಳು ಮಿನುಗಿದುವು. ನಮ್ಮ ಉತ್ತರದ ಸೀಮೆಯಲ್ಲಿ, ಕಪ್ಪತಗುಡ್ಡದ ಹಳ್ಳಗಳ ಮರಳಿನಲ್ಲಿ ಇದೇ ಕೆಲಸವನ್ನು ಕುಲಕಸುಬಾಗಿ ಮಾಡುತ್ತಿದ್ದವರನ್ನು ಜಾಲಗಾರರೆಂದು ಕರೆಯುತ್ತಿದ್ದರು. ಹೆಸರು ಸೀಮೆಯಿಂದ ಸೀಮೆಗೆ ಬೇರೆಯಾಗಬಹುದು, ವಿದ್ಯೆಯು ಒಂದೇ. ಚಿನ್ನವು ಮಣ್ಣಿಗಿಂತ ಬಹಳ ಭಾರವಾದುದು. ನೀರು ಹಗುರವಾದುದನ್ನು ಒಯ್ಯುತ್ತದೆ, ಭಾರವಾದುದು ತಳದಲ್ಲಿ ನಿಲ್ಲುತ್ತದೆ. ಈ ತತ್ತ್ವವನ್ನು ಪುಸ್ತಕದಲ್ಲಿ ಓದದವರು ಕೈಯ ಹದದಿಂದ ಬಲ್ಲವರಾಗಿದ್ದರು.

ಇಲ್ಲಿ ವಾರನ್ನರ ಸ್ವಭಾವವು ಸ್ಪಷ್ಟವಾಗಿ ಕಾಣುವುದು. ಮಿನುಗಿದ ಕಣಗಳನ್ನು ಕಂಡು ಅವರು ಮೈಮರೆಯಲಿಲ್ಲ, ಲೆಕ್ಕವನ್ನು ಹಿಡಿದರು. ಸುಮಾರು ೧೨೦ ಪೌಂಡು ಮಣ್ಣನ್ನು ತೊಳೆದರೆ ಒಂದು ಗ್ರೇನ್ ಚಿನ್ನವು ದೊರೆಯುವುದೆಂದು ಅವರು ಕಂಡರು. ನಮ್ಮ ಅಕ್ಕಸಾಲಿಗರ ತೂಕದಲ್ಲಿ ಹೇಳುವುದಾದರೆ ಇದು ಅರ್ಧ ಗುಂಜಿಯಷ್ಟು. ಇಂದಿನ ಅಳತೆಯಲ್ಲಿ ಒಂದು ಟನ್ನು ಮಣ್ಣಿಗೆ ಒಂದು ಗ್ರಾಮಿಗಿಂತ ತುಸು ಹೆಚ್ಚು. ಹಳ್ಳಿಗರ ಸಲಕರಣೆಗಳಿಂದ ಇಷ್ಟು ದೊರೆಯುವುದಾದರೆ ನುರಿತವರ ಕೈಯಲ್ಲಿ ಹೆಚ್ಚು ದೊರೆಯಬಹುದೆಂದು ಅವರು ಊಹಿಸಿದರು. ಆ ಊಹೆಯು ಮುಂದೆ ನಿಜವಾಯಿತು.

ಮಣ್ಣನ್ನು ತೊಳೆಯುವುದಕ್ಕಿಂತಲೂ ಅಚ್ಚರಿಯ ನೋಟವು ಮಾರಿಕುಪ್ಪದಲ್ಲಿ ಅವರಿಗಾಗಿ ಕಾದಿತ್ತು. ಅಲ್ಲಿ ಜನರು ನೆಲದೊಳಕ್ಕೆ ಇಳಿದು ಕಲ್ಲನ್ನು ಒಡೆಯುತ್ತಿದ್ದರು. ಗುಂಡಿಗಳು ಮೂವತ್ತು ಅಡಿಗಳಷ್ಟು ಆಳವಾಗಿದ್ದುವು. ಒಳಗೆ ಒಡೆದ ಕಲ್ಲುಗಳು ಬುಟ್ಟಿಗಳಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಮೇಲಕ್ಕೆ ಬರುತ್ತಿದ್ದುವು. ಮೇಲೆ ಹೆಂಗಸರು ಅವನ್ನು ದೊಡ್ಡ ಬಂಡೆಯ ಮೇಲೆ ಹಾಕಿ ನುಣ್ಣಗೆ ಕುಟ್ಟುತ್ತಿದ್ದರು. ಆ ಪುಡಿಯನ್ನು ಬಾವಿಯ ಬಳಿಗೆ ಒಯ್ದು ಮಣ್ಣನ್ನು ತೊಳೆದಂತೆಯೇ ತೊಳೆಯುತ್ತಿದ್ದರು. ಅಂದಮೇಲೆ ಚಿನ್ನವು ಮಣ್ಣಿನಲ್ಲಿ ಬಿದ್ದಿರುವ ಕಣ ಮಾತ್ರವಲ್ಲ, ಬೆಣಚುಕಲ್ಲಿನ ಪಟ್ಟಿಯಲ್ಲಿ ಹುದುಗಿರುವ ಲೋಹವೆಂಬ ಮುಖ್ಯವಾದ ಸಂಗತಿಯು ಆ ಜನರಿಗೆ ತಿಳಿದಿದ್ದಿತು. ಅಗೆಯುವವರು, ಸಾಗಿಸುವವರು, ಕುಟ್ಟುವವರು, ತೊಳೆಯುವವರು ಎಂದು ಕೆಲಸವು ಹಂಚಿಹೋಗಿದ್ದಿತು. ಈ ಕೆಲಸವನ್ನು ಮಾಡುತ್ತಿದ್ದವರು ಸಮಾಜವು ಅಸ್ಪೃಶ್ಯರೆಂದು ಊರಾಚೆಗೆ ಇಟ್ಟಿದ್ದ ಜನರು. ಅವರ ಹೆಸರುಗಳು ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಇಲ್ಲ.

ವಾರನ್ನರು ಕಂಡುದು ಹೊಸದಾಗಿ ಹುಟ್ಟಿದ ಉದ್ಯಮವಲ್ಲ; ಬಹು ಪ್ರಾಚೀನವಾದ ಒಂದು ವಿದ್ಯೆಯ ಕೊನೆಯ ಕವಲು. ಕೋಲಾರವು ಗಂಗರ ಕಾಲದಲ್ಲಿ ಕುವಲಾಲವೆಂಬ ಹೆಸರಿನಿಂದ ಪ್ರಸಿದ್ಧವಾಗಿದ್ದ ಪಟ್ಟಣ. ಗಂಗರಸರು ಆ ಪುರದ ಒಡೆಯರೆಂದೇ ಬಿರುದನ್ನು ಹೊತ್ತಿದ್ದರು. ಅನಂತರ ಚೋಳರು ಈ ಸೀಮೆಯನ್ನು ಆಳಿದರು. ಚಿನ್ನದ ಗಣಿಯ ಹಳೆಯ ಸುರಂಗಗಳಲ್ಲಿ ದೊರೆತ ಮರದ ತುಂಡುಗಳನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಜ್ಞಾನಿಗಳು ಅಂಗಾರದ ಪರೀಕ್ಷೆಗೆ ಒಳಪಡಿಸಿದಾಗ, ಅವು ಸುಮಾರು ಸಾವಿರದ ಮುನ್ನೂರರಿಂದ ಸಾವಿರದ ಐನೂರು ವರ್ಷಗಳಷ್ಟು ಹಳೆಯವೆಂದು ತಿಳಿದುಬಂದಿತು. ರಾಯಚೂರು ಸೀಮೆಯ ಹಟ್ಟಿಯಲ್ಲಿ ದೊರೆತ ಮರವು ಇನ್ನೂ ಹಳೆಯದು. ಸುಮಾರು ಸಾವಿರದ ಒಂಬೈನೂರು ವರ್ಷಗಳದು. ಹಟ್ಟಿಯ ಪ್ರಾಚೀನ ಗಣಿಯು ೬೪೦ ಅಡಿಗಳ ಆಳಕ್ಕೆ ಇಳಿದಿದ್ದಿತೆಂದು ಶೋಧಕರು ಬರೆದಿದ್ದಾರೆ. ಸಿಡಿಮದ್ದು ಇಲ್ಲದ ಕಾಲದಲ್ಲಿ ಬಂಡೆಯ ಮುಖಕ್ಕೆ ಸೌದೆಯನ್ನು ಒಟ್ಟಿ ಉರಿಸಿ, ಕಾದ ಬಂಡೆಯ ಮೇಲೆ ನೀರನ್ನು ಎರಚಿ ಬಿರುಕುಬಿಡಿಸಿ, ಕಲ್ಲನ್ನು ಕಿತ್ತು ತೆಗೆಯುವ ಕ್ರಮವನ್ನು ಪೂರ್ವಿಕರು ಅನುಸರಿಸುತ್ತಿದ್ದರು. ಗಾಳಿಯೂ ಬೆಳಕೂ ಹೊಗದ ಕುಳಿಯಲ್ಲಿ ಉರಿಯನ್ನು ಹೊತ್ತಿಸಿ, ಹೊಗೆಯು ಹೊರಟ ಮೇಲೆ ಇಳಿದು ದುಡಿದವರ ಧೈರ್ಯವನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುವುದು. ಸಿಂಧೂ ಕಣಿವೆಯ ಪ್ರಾಚೀನ ನಗರಗಳಲ್ಲಿ ದೊರೆತ ಚಿನ್ನದಲ್ಲಿ ಬೆಳ್ಳಿಯು ಬೆರೆತಿರುವುದನ್ನು ಕಂಡು, ಅದು ಕೋಲಾರದಿಂದ ಹೋದುದಾಗಿರಬಹುದೆಂದು ಕೆಲವು ವಿದ್ವಾಂಸರು ತರ್ಕಿಸಿದುದುಂಟು. ಅದು ಇನ್ನೂ ಸಿದ್ಧವಾದ ಮಾತಲ್ಲ. ನಮ್ಮ ಹೆಮ್ಮೆಗೆ ಸಿದ್ಧವಾದ ಮಾತುಗಳೇ ಸಾಕಷ್ಟಿರುವಾಗ ಸಿದ್ಧವಾಗದುದನ್ನು ಆಶ್ರಯಿಸಬೇಕಾದುದಿಲ್ಲ.

ವಾರನ್ನರು ತಾವು ಕಂಡುದನ್ನೆಲ್ಲ ವರದಿಯಾಗಿ ಬರೆದು ಸರ್ಕಾರಕ್ಕೆ ಒಪ್ಪಿಸಿದರು; ಮುಂದೆ ಅದು ಅಚ್ಚಾಯಿತು. ಅನಂತರ ಅವರು ಆ ವಿಷಯವನ್ನು ಬಿಟ್ಟು ಬೇರೆ ಕೆಲಸಗಳಿಗೆ ತೆರಳಿದರು. ೧೮೦೫ ರಲ್ಲಿ ಮದರಾಸಿನ ಖಗೋಳ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಗೋಲ್ಡಿಂಗ್‌ಹ್ಯಾಮರು ರಜೆಯ ಮೇಲೆ ಹೋದುದರಿಂದ ಆ ಸ್ಥಾನವು ವಾರನ್ನರ ಪಾಲಿಗೆ ಬಂದಿತು. ಕೆಲವು ವರ್ಷಗಳ ಕಾಲ ಅವರು ಅದನ್ನು ನಿರ್ವಹಿಸಿದರು. ೧೮೦೭ ರಲ್ಲಿ ಆಕಾಶದಲ್ಲಿ ಕಾಣಿಸಿಕೊಂಡ ಮಹಾ ಧೂಮಕೇತುವನ್ನು ಅವರು ವೀಕ್ಷಿಸಿ ಲೆಕ್ಕಹಾಕಿದರು. ಮದರಾಸಿನ ರೇಖಾಂಶವನ್ನು ಹೊಸದಾಗಿ ಗಣಿಸಿದರು. ದಕ್ಷಿಣ ದೇಶದ ನಕ್ಷೆಗಳಿಗೆ ಮದರಾಸಿನ ವೀಕ್ಷಣಾಲಯವೇ ಮೊದಲ ಬಿಂದುವಾಗಿದ್ದುದರಿಂದ ಈ ಗಣನೆಯು ಸಾಮಾನ್ಯವಾದ ಕೆಲಸವಾಗಿರಲಿಲ್ಲ. ಇದರ ನಡುವೆ ತಿರುವಕ್ಕರೈ ಗ್ರಾಮದ ಬಳಿ ಕಲ್ಲಾಗಿ ಬಿದ್ದಿದ್ದ ಪ್ರಾಚೀನ ಮರಗಳನ್ನು ನೋಡಿ ಅವುಗಳ ವರ್ಣನೆಯನ್ನು ಬರೆದರು. ೧೮೧೦ ರಲ್ಲಿ ಅದು ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಪ್ರಕಟವಾಯಿತು. ನೆಲದೊಳಗಿನ ಚಿನ್ನವಾಗಲಿ, ನೆಲದ ಮೇಲಿನ ಕಲ್ಮರವಾಗಲಿ, ಆಕಾಶದ ಧೂಮಕೇತುವಾಗಲಿ, ಕಣ್ಣಿಗೆ ಬಿದ್ದುದನ್ನು ಅಳೆದು ಬರೆಯದೆ ಬಿಡುವ ಅಭ್ಯಾಸವು ಅವರಿಗೆ ಇರಲಿಲ್ಲ.

ನೆಪೋಲಿಯನ್ನನು ಪತನಗೊಂಡು ಫ್ರಾನ್ಸಿನಲ್ಲಿ ಹಳೆಯ ರಾಜವಂಶವು ಮರಳಿದಾಗ ವಾರನ್ನರು ಸ್ವದೇಶಕ್ಕೆ ಹೋದರು. ಮನೆತನದ ಗೌರವವನ್ನು ಮರಳಿ ಪಡೆದರು. ಆದರೆ ಅಲ್ಲಿ ಅವರ ಮನಸ್ಸು ನಿಲ್ಲಲಿಲ್ಲವೆಂದು ತೋರುವುದು. ಅವರು ಹಿಂತಿರುಗಿ ಬಂದು ಪುದುಚೇರಿಯಲ್ಲಿ ನೆಲೆಸಿದರು. ಅಲ್ಲಿ ನಮ್ಮ ಪಂಚಾಂಗಗಳ ಗಣಿತದಲ್ಲಿ ಅವರ ಬುದ್ಧಿಯು ತೊಡಗಿತು. ದಕ್ಷಿಣ ದೇಶದ ಜನರು ಕಾಲವನ್ನು ಎಣಿಸುವ ವಿವಿಧ ಕ್ರಮಗಳನ್ನು, ಸೌರಮಾನ, ಚಾಂದ್ರಮಾನ, ಮಹಮ್ಮದೀಯರ ಮಾಸಗಣನೆ ಇವುಗಳನ್ನು ವಿವರಿಸುವ ಕಾಲಸಂಕಲಿತವೆಂಬ ಬೃಹದ್‌ಗ್ರಂಥವನ್ನು ಬರೆದು ೧೮೨೫ ರಲ್ಲಿ ಮದರಾಸಿನಲ್ಲಿ ಪ್ರಕಟಪಡಿಸಿದರು. ಹೆಸರೇ ಸಂಸ್ಕೃತದ್ದೆಂಬುದನ್ನು ವಾಚಕರು ಗಮನಿಸಬೇಕು.

ಈ ಗ್ರಂಥದಲ್ಲಿ ಬರುವ ಒಂದು ಪ್ರಸಂಗವು ಮಾರಿಕುಪ್ಪದ ನೋಟವನ್ನು ನೆನಪಿಗೆ ತರುವುದು. ಪುದುಚೇರಿಯಲ್ಲಿ ಅವರಿಗೆ ಒಬ್ಬ ತಮಿಳು ಪಂಚಾಂಗಕಾರನ ಪರಿಚಯವಾಯಿತು. ಆತನು ಕಾಗದವನ್ನಾಗಲಿ ಲೇಖನಿಯನ್ನಾಗಲಿ ಮುಟ್ಟದೆ, ನೆಲದ ಮೇಲೆ ಕವಡೆಗಳನ್ನು ಜೋಡಿಸುತ್ತ, ಬಾಯಿಪಾಠವಾಗಿದ್ದ ಪದಗಳಿಂದ ಕೋಷ್ಟಕದ ಅಂಕಿಗಳನ್ನು ನೆನಪಿಗೆ ತಂದುಕೊಂಡು, ೧೮೨೫ ನೆಯ ಇಸವಿ ಮೇ ತಿಂಗಳ ಕೊನೆಯ ರಾತ್ರಿಯ ಚಂದ್ರಗ್ರಹಣವನ್ನು ಗಣಿಸಿ ತೋರಿಸಿದನು. ಗ್ರಹಣದ ಆರಂಭಕಾಲಕ್ಕೂ ಅವನ ಲೆಕ್ಕಕ್ಕೂ ಇದ್ದ ಅಂತರವು ನಾಲ್ಕೇ ನಿಮಿಷ. ಮಧ್ಯಕ್ಕೆ ಇಪ್ಪತ್ತಮೂರು ನಿಮಿಷ. ಅಂತ್ಯಕ್ಕೆ ಐವತ್ತೆರಡು ನಿಮಿಷ. ಆ ಗಣಿತದ ಹಿಂದಿರುವ ತತ್ತ್ವವು ಆತನಿಗೆ ತಿಳಿದಿರಲಿಲ್ಲವೆಂಬುದನ್ನು ವಾರನ್ನರು ಮರೆಮಾಚಲಿಲ್ಲ. ಆತನ ಲೆಕ್ಕವು ನಡೆಯಿತೆಂಬುದನ್ನೂ ಮರೆಮಾಚಲಿಲ್ಲ. ಅವರು ಅದನ್ನು ಹಂತಹಂತವಾಗಿ ಬರೆದಿಟ್ಟುದರಿಂದಲೇ ನೂರು ವರ್ಷಗಳು ಕಳೆದ ಮೇಲೆ ಖಗೋಳಶಾಸ್ತ್ರದ ಇತಿಹಾಸವನ್ನು ಶೋಧಿಸುವ ಪಾಶ್ಚಾತ್ಯ ಪಂಡಿತರು ಆ ಕವಡೆಗಳ ಗಣಿತದಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ಬಾಬಿಲೋನಿನ ಕ್ರಮಗಳ ಛಾಯೆಯನ್ನು ಗುರುತಿಸಲು ಸಾಧ್ಯವಾಯಿತು. ವಾರನ್ನರು ೧೮೩೦ ನೆಯ ಇಸವಿ ಫೆಬ್ರವರಿ ೯ ರಂದು ಪುದುಚೇರಿಯಲ್ಲಿ ನಿಧನರಾದರು.

ಅವರ ದೇಹವು ಮಣ್ಣಾದ ಮೇಲೆ ಅವರ ಕೋಲಾರದ ವರದಿಯು ನಾಲ್ಕು ದಶಕಗಳ ಕಾಲ ಹೆಚ್ಚು ಫಲವನ್ನು ಕೊಡಲಿಲ್ಲ. ಅಲ್ಲಲ್ಲಿ ಪರೀಕ್ಷೆಗಳು ನಡೆದು ನಿಂತುವು. ಹಳೆಯ ಕುಳಿಗಳಲ್ಲಿ ಅಪಘಾತಗಳಾದುದರಿಂದ ೧೮೫೯ ರಲ್ಲಿ ನೆಲದೊಳಗೆ ಇಳಿದು ಅಗೆಯುವುದನ್ನು ಸರ್ಕಾರವು ನಿಷೇಧಿಸಿತು. ವಿದ್ಯೆಯು ತಲೆಮಾರಿನಿಂದ ತಲೆಮಾರಿಗೆ ಕೈಯಿಂದ ಕೈಗೆ ಮಾತ್ರ ದಾಟತಕ್ಕದ್ದು. ಕೆಲಸವು ನಿಂತ ದಿವಸ ವಿದ್ಯೆಯೂ ನಿಂತಿತು. ಆದರೆ ಕಾಗದವು ಉಳಿದಿದ್ದಿತು. ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆಮಾಡಿ ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಲವೆಲ್ ಎಂಬ ಐರಿಷ್ ಸೈನಿಕನು ವಾರನ್ನರ ವರದಿಯನ್ನು ಓದಿ, ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಪ್ರಯಾಣಮಾಡಿ, ೧೮೭೩ ರಲ್ಲಿ ಗಣಿಯ ಹಕ್ಕಿಗಾಗಿ ಮೈಸೂರು ಸರ್ಕಾರಕ್ಕೆ ಮನವಿಯನ್ನು ಸಲ್ಲಿಸಿ, ೧೮೭೫ ರಲ್ಲಿ ಅದನ್ನು ಪಡೆದನು. ಹಣವು ಸಾಲದೆ ಅವನು ಆ ಹಕ್ಕನ್ನು ಇತರರಿಗೆ ಬಿಟ್ಟುಕೊಟ್ಟನು. ೧೮೮೦ ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪೆನಿಯವರು ಬಂದರು. ಅವರಿಗೂ ಮೊದಲು ನಷ್ಟವೇ ಕಾದಿತ್ತು. ಮೈಸೂರು ಕಂಪೆನಿಯ ಬಂಡವಾಳವೆಲ್ಲ ಕರಗುತ್ತ ಬಂದಾಗ, ಪ್ಲಮ್ಮರ್ ಎಂಬ ಗಣಿಗಾರನು ಪೂರ್ವಿಕರ ಹಳೆಯ ಕುಳಿಗಳಿದ್ದ ಕಡೆಯಲ್ಲಿಯೇ ಕೆಳಕ್ಕೆ ಇಳಿದನು. ಆಗ ದೊರೆತುದೇ ಲೋಕವಿಖ್ಯಾತವಾದ ಚಾಂಪಿಯನ್ ಪಟ್ಟಿ. ಪೂರ್ವಿಕರು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದ ಮುಂದೆ ಹೊಸಬರು ಹೊರಟರೆಂಬುದು ನಿರ್ವಿವಾದ. ದಾರಿಯನ್ನು ತೋರಿಸಿದವರು ಮಾರಿಕುಪ್ಪದ ಮೂಲನಿವಾಸಿಗಳ ಹಿರಿಯರೇ.

ಮುಂದಿನ ಕಥೆಯು ವಾಚಕರಿಗೆ ವಿದಿತವಾದುದು. ಅಂದು ಬೌರಿಂಗ್‌ಪೇಟೆಯೆಂದು ಕರೆಯಲ್ಪಡುತ್ತಿದ್ದ ಇಂದಿನ ಬಂಗಾರಪೇಟೆಯಿಂದ ಗಣಿಗೆ ೧೮೯೪ ರಲ್ಲಿ ರೈಲುದಾರಿಯು ಬಂದಿತು. ೧೯೦೨ ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಬಂದಿತು. ಗಣಿಗಳು ಮೂರು ಕಿಲೋಮೀಟರುಗಳಿಗೂ ಮಿಕ್ಕಿ ಆಳಕ್ಕೆ ಇಳಿದುವು. ಒಟ್ಟು ಎಂಟುನೂರು ಟನ್ನುಗಳಷ್ಟು ಚಿನ್ನವು ಅಲ್ಲಿಂದ ಹೊರಬಂದಿತೆಂದು ಲೆಕ್ಕವಿದೆ. ಅದರ ಬಹುಭಾಗದ ಲಾಭವು ಸಮುದ್ರವನ್ನು ದಾಟಿಹೋಯಿತು. ೧೯೫೬ ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದುವು, ತರುವಾಯ ಕೇಂದ್ರ ಸರ್ಕಾರದ ಕೈಸೇರಿದುವು. ೨೦೦೧ ನೆಯ ಇಸವಿ ಫೆಬ್ರವರಿ ೨೮ ರಂದು ಮುಚ್ಚಿಹೋದುವು.

ಈ ಲಾಭನಷ್ಟಕ್ಕೆ ವಾರನ್ನರನ್ನು ಹೊಣೆಮಾಡುವುದು ನ್ಯಾಯವಲ್ಲ. ಅವರು ಗಣಿಯನ್ನು ಹಿಡಿಯಲಿಲ್ಲ, ಕಂಪೆನಿಯನ್ನು ಕಟ್ಟಲಿಲ್ಲ. ಆದರೆ ಅವರ ಜೀವಿತದಿಂದ ಒಂದು ಕಟುವಾದ ಪಾಠವು ನಮಗೆ ದೊರೆಯುವುದು. ಚಿನ್ನವನ್ನು ಬಲ್ಲವರು ಬರೆಯಲಿಲ್ಲ; ಬರೆಯಬಲ್ಲವರಾಗಿದ್ದ ನಮ್ಮ ಪಂಡಿತರೂ ಅಧಿಕಾರಿಗಳೂ ಊರಾಚೆಯ ಆ ಜನರ ಬಳಿಗೆ ಹೋಗಿ ಕೇಳಲಿಲ್ಲ. ಕೇಳಿದವನು ಪರದೇಶಿ, ಆದುದರಿಂದ ಓದಿದವನೂ ಪರದೇಶಿಯೇ ಆದನು. ಒಂದು ಜನಾಂಗದ ವಿದ್ಯೆಯು ಅದೇ ಜನಾಂಗದ ಮೇಲುಕೀಳುಗಳ ಗೋಡೆಯ ಹಿಂದೆ ಅಡಗಿ ಕುಳಿತರೆ, ಅದರ ಫಲವು ಗೋಡೆಯ ಹೊರಗಿನವನ ಕೈಗೆ ಹೋಗುವುದರಲ್ಲಿ ಆಶ್ಚರ್ಯವೇನು?

ಇಂದಿಗೂ ಮಾಡಬೇಕಾದ ಕೆಲಸವು ಉಳಿದಿದೆ. ವಾರನ್ನರು ವರ್ಣಿಸಿದ ತಿರುವಕ್ಕರೈಯ ಕಲ್ಮರಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಕಾವಲಿನಲ್ಲಿವೆ. ಅವರು ವರ್ಣಿಸಿದ ಮಾರಿಕುಪ್ಪದ ಸೀಮೆಯ ಹಳೆಯ ಕುಳಿಗಳಲ್ಲಿ ಬಹುಪಾಲನ್ನು ಹೊಸ ಗಣಿಗಳೇ ನುಂಗಿಹಾಕಿವೆ. ಊರ ಸುತ್ತ ಸಯನೈಡ್ ದಿಬ್ಬಗಳು ಬೆಟ್ಟಗಳಂತೆ ಬೆಳೆದು ನಿಂತಿವೆ. ಆ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯಬೇಕೆಂಬ ಮಾತು ಆಗಾಗ ಕೇಳಿಬರುತ್ತಿದೆ. ತೆಗೆಯಲಿ; ನಾವು ಬೇಡವೆನ್ನುವುದಿಲ್ಲ. ಆದರೆ ಗುದ್ದಲಿಯು ಬೀಳುವ ಮೊದಲು ಆ ಸೀಮೆಯಲ್ಲಿ ಉಳಿದಿರುವ ಪುರಾತನ ಕುಳಿಗಳನ್ನು ಅಳೆದು ನಕ್ಷೆಯಲ್ಲಿ ಗುರುತಿಸಬೇಕು. ಕಲ್ಲನ್ನು ಕುಟ್ಟಿ ಗುಳಿಬಿದ್ದ ಬಂಡೆಗಳನ್ನೂ, ಹಳೆಯ ಸುರಂಗಗಳಿಂದ ಹೊರಬಂದು ಅಲ್ಲಲ್ಲಿ ಚದರಿರುವ ವಸ್ತುಗಳನ್ನೂ ಒಂದೆಡೆ ಸೇರಿಸಿ ಕಾಪಾಡಬೇಕು. ಆಳದಲ್ಲಿ ದುಡಿದು ಇಂದು ವೃದ್ಧರಾಗಿರುವ ಗಣಿ ಕಾರ್ಮಿಕರು ತಾವು ಕಂಡ ಹಳೆಯ ಕೆಲಸಗಳ ವಿಷಯವಾಗಿ ಹೇಳುವುದನ್ನು ಅವರ ಹೆಸರಿನೊಡನೆ ಬರೆದಿಡಬೇಕು. ಇದಕ್ಕೆ ಬೇಕಾದುದು ಬಹಳ ದ್ರವ್ಯವಲ್ಲ; ಎಲ್ಲೆಯನ್ನು ಅಳೆಯಲು ಬಂದ ಒಬ್ಬ ಪರದೇಶಿಯು ದಾರಿಯಲ್ಲಿ ಕೇಳಿದ ಮಾತನ್ನು ನಂಬಿ ನಿಂತ ಸಹನೆ, ಮತ್ತು ಊರಾಚೆಯವರ ಕೆಲಸವನ್ನು ಕೂಲಂಕಷವಾಗಿ ನೋಡಿದ ಕಣ್ಣು. ನಮ್ಮ ವಿಶ್ವವಿದ್ಯಾನಿಲಯಗಳೂ ಪುರಾತತ್ತ್ವ ಇಲಾಖೆಯೂ ಕೋಲಾರದ ಮಹಾಜನರೂ ಈ ಕಾರ್ಯವನ್ನು ಕೈಗೊಂಡರೆ, ಚಿನ್ನವನ್ನು ಕಂಡುಹಿಡಿದವರು ಯಾರೆಂಬ ಪ್ರಶ್ನೆಗೆ ಮುಂದಿನ ತಲೆಮಾರಿನ ಬಾಲಕರು ಸರಿಯಾದ ಉತ್ತರವನ್ನು ಕೊಡುವರು.